ಗೋಡೆಯ ಮೇಲೆ ತಲೆಕೆಳಗಾದ ಬಸ್ಸು

ಕಳೆದ ಶ್ರಾವಣದಲ್ಲಿ ಡೊಂಬಿವಲಿಯಿಂದ ಫೋನ್ ಬಂತು. ನಮ್ಮ ವಿಜ್ಞಾನದ ಮಾಸ್ತರರು ತೀರಿಕೊಂಡರಂತೆ. ಅವರಿಗೆ 91 ವರ್ಷವಾಗಿತ್ತು. ರಾತ್ರಿ ಶಾಲೆಯ ನಾವು ಐದು ಮಂದಿ ಹಳಬರು ಲೋಕಲ್ ಹಿಡಿದು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಿಲ್ಡಿಂಗಿನ ಕೆಳಗೆ ಕೊಡೆ ಹಿಡಿದು ಬಹಳ ಹೊತ್ತು ನಿಂತೆವು. ಯಾರಿಗೂ ಮನೆಗೆ ಹೊರಡುವ ಮನಸ್ಸಾಗಲಿಲ್ಲ.

ಆಮೇಲೆ ಶಾಲೆಯ ಸಂಚಿಕೆಯವರು ಕೇಳಿದರು, ನಿಮ್ಮ ಫೋಟೋಗ್ರಫಿ ಹವ್ಯಾಸದ ಬಗ್ಗೆ ಬರೆದು ಕೊಡಿ ಎಂದು. ನನ್ನ ಕೈಗೆ ಕ್ಯಾಮೆರಾ ಬಂದದ್ದು 58ನೆಯ ವಯಸ್ಸಿನಲ್ಲಿ, 2012ರಲ್ಲಿ. ಅದಕ್ಕೂ ಮೊದಲು ಈ ಮುಂಬಯಿಯಲ್ಲಿ 45 ವರ್ಷ ಕಳೆದಿದ್ದೇನೆ. ಹವ್ಯಾಸದ ಬೇರು ಇರುವುದೆಲ್ಲ ಆ ವರ್ಷಗಳಲ್ಲಿ. ಹಾಗಾಗಿ ಅದನ್ನೇ ಬರೆಯುತ್ತೇನೆ.

1967ರಲ್ಲಿ, 13ನೆಯ ವಯಸ್ಸಿಗೆ, ಊರಿನ ಒಬ್ಬರು ಅಣ್ಣನ ಜೊತೆ ಬಸ್ಸಿನಲ್ಲಿ ಬಂದೆ. ಕೊಂಕಣ ರೈಲು ಆಗ ಕನಸಿನಲ್ಲೂ ಇರಲಿಲ್ಲ. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸ. ಮೊದಲ ವರ್ಷ ಮೋರಿಯಲ್ಲಿ ಪಾತ್ರೆ ತೊಳೆದೆ, ಆಮೇಲೆ ಬಾಹರ್‌ವಾಲಾ ಆದೆ. ಹಾಗೆಂದರೆ ಆಫೀಸು ಆಫೀಸಿಗೆ ಚಹಾ ಮುಟ್ಟಿಸುವವನು. ತಂತಿಯ ಸ್ಟ್ಯಾಂಡಿನಲ್ಲಿ ಆರು ಗ್ಲಾಸು, ಇನ್ನೊಂದು ಕೈಯಲ್ಲಿ ಕೆಟಲು. ಯಾವ ಟೇಬಲಿನ ಸಾಹೇಬರಿಗೆ ಸಕ್ಕರೆ ಕಡಿಮೆ, ಯಾರು ಇವತ್ತು ಸಿಟ್ಟಿನಲ್ಲಿದ್ದಾರೆ, ಯಾರ ಮನೆಯಲ್ಲಿ ಕಾಯಿಲೆ, ಎಲ್ಲವನ್ನೂ ಬಾಗಿಲಲ್ಲಿ ನಿಂತಾಗಲೇ ಮುಖ ನೋಡಿ ತಿಳಿದುಕೊಳ್ಳಬೇಕಿತ್ತು. ಇವತ್ತು ನಾನು ತೆಗೆದ ಮುಖಗಳ ಚಿತ್ರ ನೋಡಿ, ‘ಇವರು ಇಷ್ಟು ಸಹಜವಾಗಿ ನಿಮಗೆ ಹೇಗೆ ಸಿಕ್ಕರು?’ ಎಂದು ಕೇಳುವವರಿದ್ದಾರೆ. ಐದು ವರ್ಷ ಬಾಗಿಲಲ್ಲಿ ನಿಂತು ಮುಖ ನೋಡಿದ್ದೇನೆ, ಹಾಗೆ ಸಿಕ್ಕರು.

ರಾತ್ರಿ ಶಾಲೆಗೆ ನನ್ನನ್ನು ಸೇರಿಸಿದ್ದು ನಮ್ಮ ಮುಖ್ಯೋಪಾಧ್ಯಾಯರು. ಜೂನ್ ಬಂತೆಂದರೆ ಅವರು ಕೊಡೆ ಹಿಡಿದು ಹೋಟೆಲು ಹೋಟೆಲು ಹತ್ತಿ ಇಳಿಯುತ್ತಿದ್ದರು. ಗಲ್ಲಾದ ಎದುರು ನಿಂತು, ‘ಸೇಠ್ರೇ, ಈ ಹುಡುಗನನ್ನು ಸಂಜೆ ಆರೂವರೆಗೆ ಬಿಡಬೇಕು, ಒಂಬತ್ತೂವರೆಗೆ ವಾಪಸು ಕಳಿಸುವ ಜವಾಬ್ದಾರಿ ನನ್ನದು’ ಎನ್ನುತ್ತಿದ್ದರು. ಕೆಲವು ಧಣಿಗಳು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಒಪ್ಪದವರ ಹೋಟೆಲಿಗೆ ಅವರು ಮುಂದಿನ ಜೂನ್‌ನಲ್ಲಿ ಮತ್ತೆ ಹೋಗುತ್ತಿದ್ದರು. ಹಾಗೆ ಕೈಹಿಡಿದು ಎಳೆದು ತಂದವರಲ್ಲಿ ಮುಂದೆ ಬ್ಯಾಂಕ್ ಮ್ಯಾನೇಜರ್ ಆದವರಿದ್ದಾರೆ, ವಕೀಲರಾದವರಿದ್ದಾರೆ, ಸ್ವಂತ ಹೋಟೆಲು ಇಟ್ಟು ಇನ್ನೊಬ್ಬರ ಮಕ್ಕಳನ್ನು ಆರೂವರೆಗೇ ಬಿಟ್ಟವರೂ ಇದ್ದಾರೆ.

ಏನು ಓದಿದೆವು ಎಂದು ಕೇಳಿದರೆ ಈಗ ಹೆಚ್ಚು ನೆನಪಿಲ್ಲ. ನೆನಪಿರುವುದು ವಿಜ್ಞಾನದ ಮಾಸ್ತರರು. ಧಾರವಾಡದ ಕಡೆಯವರು. ಹಗಲು ಒಂದು ಆಫೀಸಿನಲ್ಲಿ ಕಾರಕೂನರು, ರಾತ್ರಿ ನಮಗೆ ಮಾಸ್ತರರು. ಬಿಳಿ ಧೋತ್ರ, ದಪ್ಪ ಗಾಜಿನ ಕನ್ನಡಕ. ತುಳುನಾಡಿನ ನಮಗೆ ಮೊದಮೊದಲು ಅವರ ಮಾತು ಅರ್ಥವಾಗುತ್ತಿರಲಿಲ್ಲ. ಒಂದು ತಿಂಗಳು ಕಳೆಯುವಷ್ಟರಲ್ಲಿ ನಾವೆಲ್ಲ ಅವರ ಹಾಗೆಯೇ ‘ಹೌದಲ್ಲೋ’ ಎನ್ನಲು ಶುರುಮಾಡಿದ್ದೆವು.

1971ರ ಗಣೇಶೋತ್ಸವದ ಸಮಯ. ಲಾಲ್‌ಬಾಗಿನ ಗಣಪತಿಗಳನ್ನು ನೋಡಲು ಹೋಗಬೇಕೆಂದು ನಮಗೆಲ್ಲ ಆಸೆ. ರಜೆ ಕೇಳುವ ಧೈರ್ಯ ಯಾರಿಗೂ ಇಲ್ಲ. ಮೆಟ್ಟಿಲ ಕೆಳಗಿನ ಬೋರ್ಡಿನಿಂದ ಪಿಂಗಾಣಿಯ ಫ್ಯೂಸ್ ಕಿತ್ತು ಕಿಸೆಗೆ ಹಾಕಿಕೊಂಡವನು ನಾನೇ. ದೀಪ ಆರಿತು. ಕ್ಲಾಸು ಬಿಡುತ್ತಾರೆಂದು ಎಲ್ಲರೂ ಪುಸ್ತಕ ಕಟ್ಟಿದರು. ನಾನು ಕತ್ತಲಲ್ಲಿ ತಡವುತ್ತ ಬಂದು ಕೊನೆಯ ಬೆಂಚಿನಲ್ಲಿ ಕುಳಿತೆ.

ಮಾಸ್ತರರು ಸೀಮೆಸುಣ್ಣ ಇಟ್ಟ ಸದ್ದು ಕೇಳಿತು. ‘ಯಾರೂ ಏಳಬ್ಯಾಡ್ರಿ. ಸ್ವಲ್ಪ ತಡೀರಿ, ಕಣ್ಣು ಕತ್ತಲಿಗೆ ರೂಢಿ ಆಗ್ತಾವ’ ಎಂದರು. ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ, ‘ಈಗ ಏನೇನ್ ಕಾಣಸ್ತದ, ಒಬ್ಬೊಬ್ಬರs ಹೇಳ್ರಿ’ ಎಂದರು.

ಒಬ್ಬನಿಗೆ ಮಾಡಿನ ಮೇಲೆ ಬೀದಿ ದೀಪದ ಪಟ್ಟಿ ಕಂಡಿತು. ಒಬ್ಬನಿಗೆ ಬಸ್ಸು ಹೋದಾಗಲೆಲ್ಲ ಕಿಟಕಿ ಸರಳಿನ ನೆರಳು ಗೋಡೆಯ ಮೇಲೆ ಓಡುವುದು ಕಂಡಿತು. ನನ್ನ ಸರದಿ ಬಂದಾಗ, ‘ಸರ್, ನಿಮ್ಮ ಕನ್ನಡಕದಲ್ಲಿ ಎರಡು ಕಿಟಕಿ ಕಾಣುತ್ತಿವೆ’ ಎಂದೆ. ಅವರು ಕನ್ನಡಕ ತೆಗೆದರು. ಕಿಟಕಿಗಳು ಮಾಯವಾದವು. ಮತ್ತೆ ಹಾಕಿಕೊಂಡರು. ‘ಹೌದಲ್ಲೋ’ ಎಂದರು. ಕಣ್ಣಿನ ಪಾಪೆ ಕತ್ತಲಲ್ಲಿ ಯಾಕೆ ಅಗಲವಾಗುತ್ತದೆ, ಬೆಳಕು ಗಾಜಿಗೆ ಬಡಿದು ಹೇಗೆ ಹಿಂದಿರುಗುತ್ತದೆ, ಅದೆಲ್ಲ ಆ ಕತ್ತಲಲ್ಲೇ ಒಂಬತ್ತೂವರೆಯವರೆಗೆ ಪಾಠವಾಯಿತು. ಆ ರಾತ್ರಿ ಗಣಪತಿ ನೋಡಲಾಗಲಿಲ್ಲ.

ಮರುದಿನ ಹನ್ನೊಂದಕ್ಕೆ ಅವರ ಆಫೀಸಿಗೆ ಚಹಾ ಒಯ್ದೆ. ಗ್ಲಾಸು ತೆಗೆದುಕೊಂಡು, ಫೈಲಿನಿಂದ ಕಣ್ಣೆತ್ತದೆ ಕೇಳಿದರು, ‘ಕಿಸೆದಾಗ ಐತೇನು?’ ನನ್ನ ಕೈ ನಡುಗಿ ಚಹಾ ಸ್ಟ್ಯಾಂಡಿನ ಮೇಲೆ ಚೆಲ್ಲಿತು. ‘ಏಳಕ್ಕಿಂತ ಮೊದಲು ಬಂದು ಹಾಕಿಬಿಡು. ಎರಡು ಕಿಟಕಿ ನೋಡಿದವ ನೀನs ಅಲ್ಲೇನು?’ ಎಂದರು. ಆಮೇಲೆ ಪಕ್ಕದ ಮೇಜಿನ ಮರಾಠಿ ಕಾರಕೂನರ ಕಡೆ ತಿರುಗಿ, ಇವನು ನಮ್ಮ ಶಾಲೆಯ ವಿದ್ಯಾರ್ಥಿ, ಹತ್ತನೆಯ ತರಗತಿ ಎಂದು ಹೇಳಿದರು. ಅಲ್ಲಿಯವರೆಗೆ ಆ ಆಫೀಸಿನಲ್ಲಿ ನನ್ನನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಏ ಚಾಯ್’ ಎಂದು. ಫ್ಯೂಸ್ ಕಿತ್ತವನು ನಾನೆಂದು ಅವರಿಗೆ ಹೇಗೆ ತಿಳಿಯಿತೆಂದು ಕೊನೆಯವರೆಗೂ ಹೇಳಲಿಲ್ಲ.

ಆಗ ಎಸ್.ಎಸ್.ಸಿ. ಎಂದರೆ 11ನೆಯ ತರಗತಿ. 1973ರ ಜನವರಿಯಲ್ಲಿ ಭಾನುವಾರ ಬೆಳಿಗ್ಗೆ ವಿಶೇಷ ತರಗತಿ ನಡೆಯುತ್ತಿತ್ತು. ಒಂದು ಭಾನುವಾರ ಮಾಸ್ತರರು, ಬರುವಾಗ ಎಲ್ಲರೂ ಹೊದಿಕೆ ತನ್ನಿ ಎಂದಿದ್ದರು. ಹೋಟೆಲಿನ ಟೇಬಲುಗಳ ಮೇಲೆ ಹೊದ್ದು ಮಲಗುತ್ತಿದ್ದ ಚಾದರಗಳನ್ನೇ ಹೊತ್ತು ತಂದೆವು. ಎಲ್ಲ ಕಿಟಕಿಗಳಿಗೂ ಅವನ್ನು ಕಟ್ಟಿ, ಒಂದಕ್ಕೆ ಮಾತ್ರ ಡಾಲ್ಡಾ ಪೆಟ್ಟಿಗೆಯ ರಟ್ಟು ಹಚ್ಚಿದರು. ರಟ್ಟಿನಲ್ಲಿ ಎಂಟಾಣೆಯಷ್ಟು ಅಗಲದ ತೂತು. ಎದುರಿನ ಕಟ್ಟಡಕ್ಕೆ ಚೆನ್ನಾಗಿ ಬಿಸಿಲು ಬಿದ್ದ ಹೊತ್ತು ಅದು.

ಕಣ್ಣು ಹೊಂದಿಕೊಳ್ಳುತ್ತಲೇ ಎದುರು ಗೋಡೆಯ ಮೇಲೆ ಏನೋ ಮಸುಕಾಗಿ ಅಲುಗಿತು. ಮಾಸ್ತರರು ಆ ತೂತಿನ ಮೇಲೆ ಇನ್ನೊಂದು ರಟ್ಟು ಇಟ್ಟರು. ಇದರ ತೂತು ಮೊಳೆಯಿಂದ ಮಾಡಿದ್ದು. ಬೆಳಕು ಕಡಿಮೆಯಾಯಿತು, ಚಿತ್ರ ಚೊಕ್ಕವಾಯಿತು. ಎದುರಿನ ಕಟ್ಟಡ, ಅದರ ಬಾಲ್ಕನಿ, ಬಾಲ್ಕನಿಯಲ್ಲಿ ಒಣಹಾಕಿದ ಸೀರೆ, ಎಲ್ಲವೂ ತಲೆಕೆಳಗು. ಕೆಳಗೆ ಆಕಾಶ, ಮೇಲೆ ರಸ್ತೆ. ಕೈಗಾಡಿ ಎಳೆಯುವವನೊಬ್ಬ ಮಾಡಿನ ಹತ್ತಿರ ನಡೆದುಹೋದ. ಅವನ ಹಿಂದೆಯೇ ಬಂತು ಕೆಂಪು ಡಬಲ್ ಡೆಕ್ಕರ್ ಬಸ್ಸು, ಚಕ್ರ ಮೇಲೆ ಮಾಡಿಕೊಂಡು. ನಮ್ಮಲ್ಲೊಬ್ಬ ಜೋರಾಗಿ ಕೂಗಿಯೇ ಬಿಟ್ಟ.

ಮಾಸ್ತರರು ತಂದಿದ್ದ ಇನ್ನೊಂದು ಧೋತ್ರವನ್ನು ಇಬ್ಬರು ಹುಡುಗರ ಕೈಗೆ ಕೊಟ್ಟು ಹಿಡಿಸಿದರು. ತೂತಿನ ಹತ್ತಿರ ತಂದರೆ ಚಿತ್ರ ಸಣ್ಣದು, ಬೆಳಕು ಹೆಚ್ಚು. ದೂರ ಒಯ್ದರೆ ಚಿತ್ರ ದೊಡ್ಡದು, ಬೆಳಕು ಕಡಿಮೆ. ಬೆಳಕು ನೇರ ಹೋಗುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬೀಳುತ್ತದೆ ಎಂದು ದಾರ ಎಳೆದು ತೋರಿಸಿದರು. ಬಸ್ಸು ಆ ಧೋತ್ರದ ಮಡಿಕೆಗಳ ಮೇಲೆ ಸೊಟ್ಟಪಟ್ಟವಾಗಿ ಓಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅಂದಿನಿಂದ ಬೋರಾ ಬಜಾರಿನ ಕ್ಯಾಮೆರಾ ಅಂಗಡಿಗಳ ಮುಂದೆ ನನ್ನ ಕಾಲು ನಿಲ್ಲತೊಡಗಿತು. ಗಾಜಿನೊಳಗೆ ಆಗ್ಫಾ ಕ್ಲಿಕ್ III ಇರುತ್ತಿತ್ತು. ಒಂದು ರೋಲಿಗೆ 12 ಚಿತ್ರ. ಅದರ ಬೆಲೆ ನನ್ನ ಎರಡು ತಿಂಗಳ ಸಂಬಳ ಮೀರಿತ್ತು, ಸಂಬಳವೆಲ್ಲ ಊರಿಗೆ ಮನಿಯಾರ್ಡರ್ ಹೋಗುತ್ತಿತ್ತು. ನೋಡಿ ಮುಂದೆ ಹೋಗುತ್ತಿದ್ದೆ.

ಎಸ್.ಎಸ್.ಸಿ. ಮುಗಿಸಿ, ಟೈಪಿಂಗ್ ಕಲಿತು, ಬಲ್ಲಾರ್ಡ್ ಪಿಯರಿನ ಒಂದು ಕ್ಲಿಯರಿಂಗ್ ಆಫೀಸಿಗೆ, ಎಂದರೆ ಹಡಗಿನ ಸರಕು ಬಿಡಿಸಿಕೊಡುವ ಕಚೇರಿಗೆ, ಸೇರಿದೆ. ಮದುವೆ, ತಂಗಿಯರ ಮದುವೆ, ಮಕ್ಕಳ ಓದು, ಬೊರಿವಲಿಯಲ್ಲಿ ಮನೆ. ಎಲ್ಲರ ಬದುಕಿನ ಹಾಗೆ ನನ್ನದೂ ನಡೆಯಿತು. ಹಳೆಯ ಪ್ರಿನ್ಸಸ್ ಡಾಕು, ವಿಕ್ಟೋರಿಯಾ ಡಾಕಿಗೆ ಹಡಗು ಒಳಬರಬೇಕಾದರೆ ಸಮುದ್ರ ಉಬ್ಬರ ಬರಬೇಕಿತ್ತು. ಹಾಗಾಗಿ ಆಫೀಸಿನ ಗೋಡೆಯ ಮೇಲೆ ಉಬ್ಬರ-ಇಳಿತದ ಪಟ್ಟಿ ಸದಾ ತೂಗುತ್ತಿತ್ತು. ದಿನ ದಿನ ಸುಮಾರು 50 ನಿಮಿಷ ಮುಂದೆ ಸರಿಯುವ ಆ ಹೊತ್ತು ನನಗೆ ಪಂಚಾಂಗದಷ್ಟೇ ಬಾಯಿಪಾಠ.

ನಿವೃತ್ತಿಯ ದಿನ ಮಗ ನಿಕಾನ್ ಕ್ಯಾಮೆರಾ ತಂದು ಕೈಯಲ್ಲಿಟ್ಟ. ಕಲಿಸಲು ಬಂದ ಹುಡುಗ ಎಫ್ 3.5, ಎಫ್ 8 ಎಂದು ಶುರುಮಾಡಿದ. ಸಂಖ್ಯೆ ದೊಡ್ಡದಾದರೆ ಲೆನ್ಸಿನ ತೂತು ಸಣ್ಣದಾಗುತ್ತದೆ, ಗೊಂದಲವಾಗುತ್ತದೆ, ನಿಧಾನವಾಗಿ ಹೇಳುತ್ತೇನೆ ಅಂಕಲ್ ಎಂದ. ನಾನು ಎಂಟಾಣೆಯ ತೂತು, ಮೊಳೆಯ ತೂತು ಎಂದೆ. ಅವನು ಕೇಳುತ್ತ ಕುಳಿತುಬಿಟ್ಟ. ಶಿವ್ಡಿಯ ಜೆಟ್ಟಿಗೆ ಫ್ಲೆಮಿಂಗೊ ಚಿತ್ರ ತೆಗೆಯಲು ಹೋದಾಗಲೂ ಅಷ್ಟೇ. ನೀರು ಇಳಿಯತೊಡಗಿ ದಡದ ಕೆಸರು ಕಾಣಿಸುವ ಹೊತ್ತಿಗೆ ಆ ಹಕ್ಕಿಗಳು ಮೇಯಲು ಹತ್ತಿರ ಬರುತ್ತವೆ. ದೊಡ್ಡ ದೊಡ್ಡ ಲೆನ್ಸ್ ಹೊತ್ತು ಬಂದವರು ಬೆಳಗಿನಿಂದ ಬಿಸಿಲಲ್ಲಿ ಕಾಯುತ್ತಿದ್ದರು. ನಾನು ಸರಿಯಾದ ಹೊತ್ತಿಗೆ ಹೋಗಿ, ಸಣ್ಣ ಲೆನ್ಸಿನಲ್ಲೇ ಚಿತ್ರ ತೆಗೆದುಕೊಂಡು ಬಂದೆ. ನಮ್ಮ ಸಂಘದ ಪ್ರದರ್ಶನದಲ್ಲಿ ಆ ಚಿತ್ರಕ್ಕೆ ಮೊದಲ ಬಹುಮಾನ ಬಂತೆಂದು ಹೇಳಿಕೊಳ್ಳಲು ನನಗೆ ಸಂತೋಷವಿದೆ.

ನನ್ನ ಮೊಮ್ಮಗಳ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಇದೆ, ಪಿನ್‌ಹೋಲ್ ಕ್ಯಾಮೆರಾದ ವಿಡಿಯೋ ಇದೆ. ಅವಳಿಗೆ ವ್ಯಾಖ್ಯೆ ಬಾಯಿಪಾಠ ಬರುತ್ತದೆ, ಅಂಕವೂ ಬಂತು. ಆದರೆ ಕಿಟಕಿ ಮುಚ್ಚಿ ಒಂದು ತೂತು ಕೊರೆಯಲು ಯಾರಿಗೂ ಪುರುಸೊತ್ತಿಲ್ಲ. ಶಾಲೆ ಬಿಟ್ಟೊಡನೆ ಕ್ಲಾಸು, ಕ್ಲಾಸು ಬಿಟ್ಟರೆ ಇನ್ನೊಂದು ಕ್ಲಾಸು. ಮಕ್ಕಳನ್ನು ದೂರುತ್ತಿಲ್ಲ. ಹತ್ತು ನಿಮಿಷ ಸುಮ್ಮನೆ ಕತ್ತಲಲ್ಲಿ ಕೂರಿಸುವ ಮಾಸ್ತರರು ಅವರಿಗೂ ಸಿಗಲಿ ಎಂಬ ಆಸೆ. ಮುಂಬಯಿಯ ಕನ್ನಡ ಶಾಲೆಗಳಲ್ಲಿ ಬೆಂಚುಗಳು ಖಾಲಿಯಾಗುತ್ತಿರುವುದನ್ನು ನೋಡುವಾಗಲಂತೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2023ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ನಗರ ಸಾರಿಗೆ ಸಂಸ್ಥೆ ಬೆಸ್ಟ್‌ನ ಹಳೆಯ ಡಬಲ್ ಡೆಕ್ಕರ್ ಬಸ್ಸು ಕೊನೆಯ ಸಲ ಓಡಿತು. ಸುದ್ದಿ ತಿಳಿದು ಅಂಧೇರಿಗೆ ಹೋದೆ. ಬಸ್ಸನ್ನು ಸಿಂಗರಿಸಿದ್ದರು, ಮೊಬೈಲ್ ಎತ್ತಿ ಹಿಡಿದ ಜನಜಂಗುಳಿ. ಒಂದು ತಿರುವಿನಲ್ಲಿ ಕಾದು ನಿಂತು, ಮೇಲಿನ ಮಹಡಿಯ ಕಿಟಕಿಯಿಂದ ಕೈಬೀಸುತ್ತಿದ್ದ ಒಬ್ಬ ಮುದುಕರ ಸಮೇತ ಅದರ ಚಿತ್ರ ತೆಗೆದೆ. ಪ್ರಿಂಟ್ ಹಾಕಿಸಿ ಡೊಂಬಿವಲಿಗೆ ಒಯ್ದೆ.

ಮಾಸ್ತರರಿಗೆ ಆಗ 89. ಮಂಚದ ಮೇಲೆ ಒರಗಿ ಕೂತಿದ್ದರು, ಕನ್ನಡಕ ಇನ್ನೂ ದಪ್ಪವಾಗಿತ್ತು. ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎರಡೂ ಕೈಯಿಂದ ಮೆಲ್ಲಗೆ ಅದನ್ನು ತಲೆಕೆಳಗು ಮಾಡಿ ಹಿಡಿದುಕೊಂಡರು. ಚಹಾ ತಂದ ಸೊಸೆ, ‘ಮಾಮಾ, ಉಲ್ಟಾ ಹಿಡಿದಿದ್ದೀರಿ’ ಎಂದು ಸರಿಮಾಡಲು ಬಂದರು.

‘ಇರ್ಲಿ ಬಿಡವಾ’ ಎಂದರು ಮಾಸ್ತರರು. ‘ಇವ ಮೊದಲ ನೋಡಿದ್ದು ಹಿಂಗs.’