ಸ್ಕಾಲರ್‌ಶಿಪ್ ಇದೆ ಎಂದಮೇಲೆ ನಿಮಗೇನು ಖರ್ಚು?

"ಜರ್ಮನಿಯಲ್ಲಿ ಓದು ಪುಕ್ಕಟೆಯಂತಲ್ಲ, ಮೇಲಿಂದ ನಿನಗೆ ಸ್ಕಾಲರ್‌ಶಿಪ್ ಬೇರೆ. ಅಂದಮೇಲೆ ಮನೆಯವರಿಗೇನು ಖರ್ಚು?" ರಜೆಗೆ ಶಿರಸಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ. ಓದದೆ ಮತ್ತೆ ಕೇಳಿದರೆ ಉತ್ತರ ಕೊಡುವುದಿಲ್ಲ.

ಪುಕ್ಕಟೆ ಅರ್ಧ ನಿಜ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಎಲ್ಲ ಕಡೆಯೂ ಹಾಗಲ್ಲ. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ನಾನು ಆ ಕಡೆ ತಲೆಯೇ ಹಾಕಲಿಲ್ಲ. ಆದರೆ ಶುಲ್ಕವಿಲ್ಲದ ಊರಿನಲ್ಲಿ ಊಟಕ್ಕೂ ಬಾಡಿಗೆಗೂ ದುಡ್ಡು ಬೇಡವೆಂದು ನಿಮಗೆ ಹೇಳಿದವರು ಯಾರು? ವೀಸಾ ಸಿಗಬೇಕಾದರೆ ಒಂದು ವರ್ಷದ ಜೀವನಕ್ಕೆ ಸಾಲುವಷ್ಟು ಹಣ ಇದೆಯೆಂದು ಮೊದಲೇ ತೋರಿಸಬೇಕು. ನನ್ನಂಥವರು ಅದನ್ನು ನಿರ್ಬಂಧಿತ ಖಾತೆಯಲ್ಲಿ ತುಂಬಿ ತೋರಿಸುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ನಾನು ಕಟ್ಟಿದಾಗಿನ ದರದಲ್ಲಿ ಸುಮಾರು 11 ಲಕ್ಷ ರೂಪಾಯಿ. ಅಲ್ಲಿಗೆ ಹೋದಮೇಲೆ ತಿಂಗಳಿಗೆ 992 ಯೂರೋದಂತೆ ಅದೇ ಹಣ ನಮ್ಮ ಕೈಗೆ ಬರುತ್ತದೆ. "ಹಾಗಾದರೆ ಬರೀ ತೋರಿಸುವುದಕ್ಕಲ್ಲವೇ" ಎನ್ನುತ್ತಾರೆ. ತೋರಿಸುವುದಕ್ಕಾದರೂ ಇರಬೇಕಲ್ಲ, ಮಾರಾಯರೇ!

ಇನ್ನು ಸ್ಕಾಲರ್‌ಶಿಪ್. ನನಗೆ ಬರುವುದು ಡಾಯ್ಚ್‌ಲಾಂಡ್‌ಸ್ಟಿಪೆಂಡಿಯುಮ್, ತಿಂಗಳಿಗೆ 300 ಯೂರೋ. ಅರ್ಧ ಅಲ್ಲಿನ ಕೇಂದ್ರ ಸರ್ಕಾರದ್ದು, ಅರ್ಧ ಖಾಸಗಿ ದಾನಿಗಳದ್ದು. ಕೊಟ್ಟವರ ಹೊಟ್ಟೆ ತಣ್ಣಗಿರಲಿ. ಆದರೆ ಅದು ಶುರುವಾದದ್ದು ನಾನು ಹೋಗಿ ಒಂದು ಸೆಮಿಸ್ಟರ್ ಮುಗಿಸಿದ ಮೇಲೆ. ವಿಮಾನದ ಟಿಕೆಟ್, ವೀಸಾ, ಅಂಕಪಟ್ಟಿ ಖರೆಯೆಂದು ಸಾಬೀತುಪಡಿಸುವ ಎಪಿಎಸ್ ಪ್ರಮಾಣಪತ್ರ, ಖಾತೆಯ 11 ಲಕ್ಷ, ಇದ್ಯಾವುದರಲ್ಲೂ ಅದರ ಒಂದು ಪೈಸೆ ಇಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಉಪನಯನದ ಊಟ. ಅಪ್ಪೆಹುಳಿ ಬಡಿಸುತ್ತ ಬಂದವರು ನನ್ನ ಎಲೆಯ ಮುಂದೆ ಸೌಟು ಹಿಡಿದು ನಿಂತರು, ಬಡಿಸಲಿಲ್ಲ. "ತಂಗೀ, ನಮ್ಮ ಮಾಣಿಗೂ ಅದೊಂದು ಮಾಡಿಸಿಕೊಡು." ಯಾವುದು? "ಅದೇ, ಸರ್ಕಾರದವರು ದುಡ್ಡು ಕೊಟ್ಟು ಕಳುಹಿಸುತ್ತಾರಲ್ಲ." ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರ ಮಾಡಿಸಿದ ಹಾಗೆ! ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಎಲೆಯ ಹಿರಿಯರು ತೀರ್ಪು ಕೊಟ್ಟಾಗಿತ್ತು. "ನಮ್ಮವರಿಗೆಲ್ಲಿ ಕೊಡುತ್ತಾರೆ, ಇರುವುದೆಲ್ಲ ಅವರಿಗೇ." ಅವರು ಎಂದರೆ ಯಾರೆಂದು ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಇಡೀ ಪಂಕ್ತಿ ತಲೆಯಾಡಿಸಿತು.

ಉಂಡ ಮನೆಯಲ್ಲಿ ಜಗಳ ಬೇಡವೆಂದು ಆಗ ಸುಮ್ಮನಿದ್ದೆ. ಈಗ ಹೇಳುತ್ತೇನೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿಕೂಲಿ, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆಂದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇಡೀ ದೇಶಕ್ಕೆ ಸೇರಿ ವರ್ಷಕ್ಕೆ 125. ಕುಟುಂಬದ ಆದಾಯ 8 ಲಕ್ಷ ಮೀರುವಂತಿಲ್ಲ. ಜಿಲ್ಲೆಗೊಂದರಂತೆ ಹಂಚಿದರೂ ಬಹುಪಾಲು ಜಿಲ್ಲೆಗಳು ಬರಿಗೈಯಲ್ಲಿ ಮರಳಬೇಕು. ಇಷ್ಟಕ್ಕೇ ನಿಮಗೆ ಹೊಟ್ಟೆಯುರಿಯೇ? ಜಾತಿಯ ಮಿತಿಯಿಲ್ಲದ ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಇದೆ, ನಿಮ್ಮ ಮಾಣಿ ಧಾರಾಳವಾಗಿ ಅರ್ಜಿ ಹಾಕಲಿ. ಅವರು ಕೊಡುವುದು ಸಾಲ ಎಂಬುದನ್ನು ಮಾತ್ರ ನೆನಪಿಡಿ.

ನಾನು ಹೋದದ್ದೂ ಸಾಲದಲ್ಲಿಯೇ. "ತೋಟ ಇದೆಯಲ್ಲ, ಸಾಲಕ್ಕೇನು ಕಷ್ಟ" ಎನ್ನುವವರು ಒಮ್ಮೆ ಬ್ಯಾಂಕಿಗೆ ಹೋಗಿ ನೋಡಬೇಕು. ವಿದ್ಯಾಸಾಲ ಏಳೂವರೆ ಲಕ್ಷ ದಾಟಿತೆಂದರೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತಾರೆ. ಅಪ್ಪ ಪಹಣಿ ಹಿಡಿದು ಹೋದರು. ಮ್ಯಾನೇಜರ್ ಅದನ್ನು ಪೂರ್ತಿ ತಿರುಗಿಸಿಯೂ ನೋಡದೆ ಮೇಜಿನ ಈಚೆಗೆ ಸರಿಸಿದರು. 2002ರ ಸರ್ಫೇಸಿ ಕಾಯ್ದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ. ಸಾಲ ಮುಳುಗಿದರೆ ಆ ಕಾಯ್ದೆಯಡಿ ತೋಟವನ್ನು ಹರಾಜಿಗಿಡಲು ಬರುವುದಿಲ್ಲ, ಹಾಗಾಗಿ ಅವರಿಗದು ಬೇಡ. ಸಾಲದ್ದಕ್ಕೆ ಪಹಣಿಯ 11ನೇ ಕಾಲಂನಲ್ಲಿ ಸೊಸೈಟಿಯ ಬೆಳೆಸಾಲದ ಬೋಜಾ ಬೇರೆ. ತೋಟಕ್ಕೆಂದು ಬಿಟ್ಟ ಕಾಡು, ಸೊಪ್ಪಿನ ಬೆಟ್ಟ, ಅದನ್ನು ನಾವು ನಮ್ಮದೆನ್ನುತ್ತೇವೆ. ಆದರೆ ನಮಗಿರುವುದು ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕು ಮಾತ್ರ. ಅಡಿಕೆಯ ಆದಾಯಕ್ಕೆ ತೆರಿಗೆ ರಿಟರ್ನ್ ಇಲ್ಲ. ಊರಿನವರ ಕಣ್ಣಿಗೆ ನಾವು ತೋಟಸ್ಥರು, ಬ್ಯಾಂಕಿನ ಕಣ್ಣಿಗೆ ಗತಿಯಿಲ್ಲದವರು.

ಆದ್ದರಿಂದ ನೀವು ಕೇಳಬೇಕಾದದ್ದು ಬೇರೆ. ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಿದವರು ಯಾರು? ಇದನ್ನು ಈವರೆಗೆ ಒಬ್ಬರೂ ಕೇಳಿಲ್ಲ.

ಅತ್ತೆ. ಅಪ್ಪನ ತಂಗಿ, ಕಾರವಾರದಲ್ಲಿ ಪ್ರೌಢಶಾಲೆಯ ಶಿಕ್ಷಕಿ. ಸಂಬಳದ ಚೀಟಿ ಇದೆ, ಫಾರ್ಮ್ 16 ಇದೆ, ನಿವೃತ್ತಿಯ ನಂತರ ಮನೆ ಕಟ್ಟಲೆಂದು ಕುಮಟಾದಲ್ಲಿ ಕೊಂಡಿಟ್ಟ ಎನ್.ಎ. (ಕೃಷಿಯೇತರ) ನಿವೇಶನ ಇದೆ. ಜಡಿಮಳೆಯಲ್ಲಿ ದೇವಿಮನೆ ಘಟ್ಟ ಹತ್ತಿ ಬಂದರು. ಮೂಲಪತ್ರಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೊಂದು ಟವೆಲ್ ಸುತ್ತಿ, ಬಟ್ಟೆ ಅಂಗಡಿಯ ಚೀಲದಲ್ಲಿ ಇಟ್ಟುಕೊಂಡಿದ್ದರು. ಬ್ಯಾಂಕಿನಲ್ಲಿ ಕನ್ನಡಕ ಏರಿಸಿ ಪ್ರತಿ ಪುಟವನ್ನೂ ಓದತೊಡಗಿದರು. "ಮೇಡಂ, ಇದನ್ನೆಲ್ಲ ಯಾರೂ ಓದುವುದಿಲ್ಲ" ಎಂದ ಗುಮಾಸ್ತರಿಗೆ, "ಉತ್ತರಪತ್ರಿಕೆ ಓದದೆ ಅಂಕ ಕೊಟ್ಟು ನನಗೆ ಅಭ್ಯಾಸವಿಲ್ಲ" ಎಂದರು. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ, ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ ಎಂಬ ಸಾಲಿಗೆ ಬಂದಾಗ ನನ್ನ ಕಡೆ ತಿರುಗಿದರು. "ಬಡ್ಡಿಯನ್ನು ನೀನು ಅಲ್ಲಿಂದಲೇ ತಿಂಗಳು ತಿಂಗಳು ಕಟ್ಟಬೇಕು." ಹಾಕಿದ ಷರತ್ತು ಅದೊಂದೇ.

ಹಾಗಾಗಿ ನೀವೆಲ್ಲ ಕೊಂಡಾಡುವ ಸ್ಕಾಲರ್‌ಶಿಪ್ಪಿನ ಮೂರನೆಯ ಒಂದು ಪಾಲು ಪ್ರತಿ ತಿಂಗಳೂ ಬಡ್ಡಿಯಾಗಿ ಇಲ್ಲಿಗೇ ಮರಳುತ್ತದೆ. ಉಳಿದದ್ದು ಬಾಡಿಗೆಗೂ ಸಾಲದೆ ಬೆಳಗಿನ ಜಾವ ಬೇಕರಿಯೊಂದರಲ್ಲಿ ಬ್ರೆಡ್ಡಿನ ತಟ್ಟೆ ಹೊರುತ್ತೇನೆ. ಅದಕ್ಕೂ ವರ್ಷಕ್ಕೆ 140 ಪೂರ್ಣ ದಿನಗಳ ಮಿತಿಯಿದೆ. ಅತ್ತೆಯ ನಿವೇಶನದ ಪತ್ರ ಸಾಲ ತೀರುವವರೆಗೆ ಬ್ಯಾಂಕಿನಲ್ಲಿ. ಕಾರವಾರದಲ್ಲಿ ಅವರನ್ನೂ ಕೇಳುತ್ತಾರಂತೆ, "ನಿಮ್ಮ ಸೊಸೆಗೆ ಎಲ್ಲ ಸರ್ಕಾರವೇ ಕೊಟ್ಟಿತಂತಲ್ಲ" ಎಂದು. "ಹೌದಂತೆ" ಎಂದು ಹೇಳಿ ಕಳುಹಿಸುತ್ತಾರೆ. ನನಗೆ ಆ ತಾಳ್ಮೆ ಬಂದಿಲ್ಲ.

ಮಾಣಿಯನ್ನು ಕಳುಹಿಸುವುದೇ ಆದರೆ ವಿದ್ಯಾಸಾಲದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿ. ಅದಕ್ಕೂ ಮೊದಲು ನೆಂಟರಿಷ್ಟರಲ್ಲಿ ಎನ್.ಎ. ಜಾಗ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿ, ಹಿಸ್ಸೆಯ ಜಗಳದಲ್ಲಿ ಅವರೊಡನೆ ಮಾತು ಬಿಟ್ಟಿದ್ದರೆ ಈ ವಾರವೇ ಶುರು ಮಾಡಿ.