32 ಜಿಬಿ ಟ್ಯಾಬ್ಲೆಟ್‌ನಲ್ಲಿ ಜಾಗ ಹೋಗುವುದೆಲ್ಲಿಗೆ?

ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳನ್ನು ಓದಲು ನಾನು ಬಳಸುವುದು 32 ಜಿಬಿ ಸಾಮರ್ಥ್ಯದ ಹಳೆಯ ಆಂಡ್ರಾಯ್ಡ್ ಟ್ಯಾಬ್ಲೆಟ್ಟನ್ನು. ಇಂಥ ಪಿಡಿಎಫ್‌ಗಳಲ್ಲಿ ಪ್ರತಿ ಪುಟವೂ ಒಂದು ಚಿತ್ರವಾಗಿರುವುದರಿಂದ ಕಡತಗಳು ದೊಡ್ಡವಾಗುತ್ತವೆ; ಆದರೂ ನನ್ನ ಟ್ಯಾಬ್ಲೆಟ್‌ನಲ್ಲಿ ಜಾಗ ತಿನ್ನುತ್ತಿದ್ದುದು ಮುಖ್ಯವಾಗಿ ಪುಸ್ತಕಗಳಲ್ಲ. ಜಾಗ ಸಾಲದೆಂಬ ಸೂಚನೆ ಬಂದೊಡನೆ ಫೋಟೊಗಳನ್ನೋ ಪುಸ್ತಕಗಳನ್ನೋ ಅಳಿಸಲು ಹೊರಡುವವರು ಮೊದಲು ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ಯಾವುದಕ್ಕೆ ಎಷ್ಟು ಹೋಗಿದೆಯೆಂದು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಆಂಡ್ರಾಯ್ಡ್‌ನ ಒಳಸಂಗ್ರಹ ಹಲವು ಭಾಗಗಳಾಗಿ ಒಡೆದಿರುತ್ತದೆ. ತಯಾರಕರು ಮೊದಲೇ ಹಾಕಿಕೊಟ್ಟ ಆ್ಯಪ್‌ಗಳು ಸಿಸ್ಟಮ್ ವಿಭಾಗದಲ್ಲಿದ್ದು, ಅಲ್ಲಿಗೆ ಬಳಕೆದಾರರು ಬರೆಯುವಂತಿಲ್ಲ. ಅಂಥ ಆ್ಯಪ್ ಪ್ಲೇ ಸ್ಟೋರ್‌ನಿಂದ ಅಪ್‌ಡೇಟ್ ಆದಾಗ ಹಳೆಯ ಪ್ರತಿ ಅಲ್ಲೇ ಉಳಿದು, ಹೊಸ ಪ್ರತಿ ನಮ್ಮ ಪಾಲಿನ ಡೇಟಾ ವಿಭಾಗದಲ್ಲಿ ಬಂದು ಕೂರುತ್ತದೆ. ಹೀಗೆ ನಾವು ಎಂದೂ ತೆರೆಯದ ಆ್ಯಪ್ ಕೂಡ ಎರಡೆರಡು ಕಡೆ ಜಾಗ ಹಿಡಿಯುತ್ತದೆ. ಆ್ಯಪ್ ಮಾಹಿತಿಯ ಪುಟದಲ್ಲಿ ಅಪ್‌ಡೇಟ್‌ಗಳನ್ನು ತೆಗೆದುಹಾಕಿ, ಆ ಬಳಿಕ ಆ್ಯಪನ್ನು ನಿಷ್ಕ್ರಿಯಗೊಳಿಸಿದರೆ ನಮ್ಮ ಪಾಲು ನಮಗೆ ಮರಳುತ್ತದೆ. ನಿಷ್ಕ್ರಿಯಗೊಳಿಸುವ ಗುಂಡಿಯೇ ಮಸುಕಾಗಿರುವ ಆ್ಯಪ್‌ಗಳಿಗೆ ಕಂಪ್ಯೂಟರಿನಿಂದ ಟ್ಯಾಬ್ಲೆಟ್‌ಗೆ ಆಜ್ಞೆ ಕಳಿಸುವ ಎಡಿಬಿ ಎಂಬ ತಂತ್ರಾಂಶ ಬಳಸಬೇಕು: ಸೆಟ್ಟಿಂಗ್ಸ್‌ನಲ್ಲಿರುವ ಬಿಲ್ಡ್ ನಂಬರನ್ನು ಏಳು ಬಾರಿ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದು, ಯುಎಸ್‌ಬಿ ಡೀಬಗಿಂಗ್ ಚಾಲೂ ಮಾಡಿ, ಈ ಬಳಕೆದಾರರ ಮಟ್ಟಿಗೆ ಆ್ಯಪ್ ತೆಗೆಯುವಂತೆ ಆಜ್ಞೆ ಕೊಡಬಹುದು. ಮೂಲ ಪ್ರತಿ ಸಿಸ್ಟಮ್ ವಿಭಾಗದಲ್ಲಿ ಹಾಗೆಯೇ ಇರುವುದರಿಂದ ಬೇಕೆಂದಾಗ ಮರಳಿ ತರಬಹುದು. ಅದೇ ಕಾರಣಕ್ಕೆ ಸಿಸ್ಟಮ್ ವಿಭಾಗದ ಜಾಗವೇನೂ ಹೆಚ್ಚುವುದಿಲ್ಲ. ಹೆಸರು ನೋಡಿ ಊಹೆಯ ಮೇಲೆ ತೆಗೆಯುವುದು ಮಾತ್ರ ಅಪಾಯ, ಏಕೆಂದರೆ ಕೀಬೋರ್ಡ್, ಮುಖಪರದೆ ತೋರಿಸುವ ಲಾಂಚರ್, ಬೇರೆ ಆ್ಯಪ್‌ಗಳೊಳಗೆ ಜಾಲಪುಟ ತೋರಿಸುವ ವೆಬ್‌ವ್ಯೂಗಳಂಥವು ಹೋದರೆ ಉಳಿದ ಆ್ಯಪ್‌ಗಳೂ ಎಡವುತ್ತವೆ.

ಕ್ಯಾಷ್, ಅಂದರೆ ಆ್ಯಪ್‌ಗಳು ತಾತ್ಕಾಲಿಕವಾಗಿ ಕೂಡಿಟ್ಟ ಕಡತಗಳನ್ನು ಅಳಿಸುವುದು ಸುರಕ್ಷಿತ, ಆದರೆ ಬಳಸಿದಂತೆಲ್ಲ ಅದು ಮತ್ತೆ ತುಂಬುತ್ತದೆ. ಆ್ಯಪ್‌ನ ಡೇಟಾ ಅಳಿಸಿದರೆ ಲಾಗಿನ್, ಸೆಟ್ಟಿಂಗ್‌ಗಳೆಲ್ಲ ಹೋಗುತ್ತವೆ.

ಮೆಮೊರಿ ಕಾರ್ಡಿನ ವಿಷಯದಲ್ಲಿ ಸ್ವಲ್ಪ ಯೋಚನೆ ಬೇಕು. 2015ರಲ್ಲಿ ಬಂದ ಆಂಡ್ರಾಯ್ಡ್ 6.0 ಕಾರ್ಡನ್ನು ಒಳಸಂಗ್ರಹದ ಭಾಗವಾಗಿಯೇ ಮಾಡಿಕೊಳ್ಳುವ ಸೌಲಭ್ಯ ತಂದಿತು. ಹಾಗೆ ಮಾಡಿದಾಗ ಕಾರ್ಡ್ ಫಾರ್ಮ್ಯಾಟ್ ಆಗಿ, ಎನ್‌ಕ್ರಿಪ್ಟ್ ಆಗಿ, ಆ ಒಂದು ಸಾಧನಕ್ಕೆ ಮಾತ್ರ ಓದಲು ಸಿಗುವಂತಾಗುತ್ತದೆ. ಟ್ಯಾಬ್ಲೆಟ್ ಕೆಟ್ಟರೆ ಕಾರ್ಡಿನಲ್ಲಿದ್ದುದೂ ಕೈತಪ್ಪಿದಂತೆಯೇ. ಹಾಗಾಗಿ ನಾನು ಕಾರ್ಡನ್ನು ತೆಗೆದು ಹಾಕಬಹುದಾದ ಸಂಗ್ರಹವಾಗಿಯೇ ಉಳಿಸಿಕೊಂಡು, ಪುಸ್ತಕಗಳನ್ನೂ ಸಂಗೀತವನ್ನೂ ಅಲ್ಲಿಟ್ಟಿದ್ದೇನೆ. ಆ್ಯಪ್‌ಗಳನ್ನೂ ಕಾರ್ಡಿಗೆ ಸಾಗಿಸಲೇಬೇಕಾದವರು ಎ1 ಅಥವಾ ಎ2 ಗುರುತಿರುವ ಕಾರ್ಡನ್ನೇ ಕೊಳ್ಳಬೇಕು, ಏಕೆಂದರೆ ಚಿಕ್ಕ ಚಿಕ್ಕ ತುಣುಕುಗಳನ್ನು ಬೇಗ ಓದಿ ಬರೆಯುವ ಕನಿಷ್ಠ ವೇಗವನ್ನು ಆ ಗುರುತು ಸೂಚಿಸುತ್ತದೆ. ಇನ್ನೊಂದು ಮಾತು: ಫ್ಯಾಟ್32 ಎಂಬ ರೂಪದಲ್ಲಿ ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ 4 ಜಿಬಿ ಮೀರಿದ ಒಂದೇ ಕಡತ ಹಿಡಿಸದು.

ತಯಾರಕರು ಅಪ್‌ಡೇಟ್ ನಿಲ್ಲಿಸಿದ ಟ್ಯಾಬ್ಲೆಟ್‌ಗಳಿಗೆ, 2016ರ ಕೊನೆಯಲ್ಲಿ ಸೈನೋಜೆನ್‌ಮಾಡ್ ಎಂಬ ಆಂಡ್ರಾಯ್ಡ್ ಆಧರಿತ ಕಾರ್ಯಾಚರಣೆ ವ್ಯವಸ್ಥೆ ಮುಚ್ಚಿದಾಗ ಅದರ ಮುಂದುವರಿಕೆಯಾಗಿ ಹುಟ್ಟಿದ ಲೀನಿಯೇಜ್‌ಓಎಸ್ ಒಳ್ಳೆಯ ಆಸರೆ. ಅದರಲ್ಲಿ ಬೇಡದ ಆ್ಯಪ್‌ಗಳ ಹೊರೆ ಬಹಳ ಕಡಿಮೆ. ಗೂಗಲ್ ಸೇವೆಗಳು ಬೇಕಾದರೆ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ನಿಮ್ಮ ಟ್ಯಾಬ್ಲೆಟ್‌ನ ಮಾಡೆಲ್ ಸಂಖ್ಯೆ ಅವರ ಪಟ್ಟಿಯಲ್ಲಿ ಅಕ್ಷರಶಃ ಇರಬೇಕು, ಸುಮಾರಾಗಿ ಹೋಲುವ ಮಾಡೆಲ್ ಸಾಲದು. ಅದನ್ನು ಹಾಕಿಕೊಳ್ಳಲು, ಟ್ಯಾಬ್ಲೆಟ್ ಆನ್ ಆಗುವಾಗ ಮೊದಲು ಓಡುವ ಬೂಟ್‌ಲೋಡರ್‌ನ ಬೀಗ ತೆರೆಯುವಾಗ ಸಾಮಾನ್ಯವಾಗಿ ಒಳಸಂಗ್ರಹವೆಲ್ಲ ಅಳಿಸಿಹೋಗುವುದರಿಂದ ಮೊದಲೇ ಬ್ಯಾಕಪ್ ತೆಗೆದುಕೊಳ್ಳಬೇಕು. ತೆರೆದ ಮೇಲೆ ಕೆಲವು ಬ್ಯಾಂಕ್ ಆ್ಯಪ್‌ಗಳು ಕೆಲಸ ಮಾಡಲು ಒಪ್ಪದಿರಬಹುದು. ಓದಿಗೆಂದೇ ಇಟ್ಟುಕೊಂಡ ಟ್ಯಾಬ್ಲೆಟ್‌ಗೆ ಅದು ಕೊರತೆಯಲ್ಲ, ಆದರೆ ಹಣ ಪಾವತಿಗೂ ಅದನ್ನೇ ನೆಚ್ಚಿಕೊಂಡಿರುವವರು ಎಡಿಬಿಯವರೆಗಿನ ಹಂತದಲ್ಲೇ ನಿಲ್ಲುವುದು ಒಳ್ಳೆಯದು.