ಹಳೆಯ ಫ್ಲಾಪಿಯಿಂದ ಲ್ಯಾಪ್‌ಟಾಪಿಗೆ: ‘ಪ್ರಿನ್ಸ್ ಆಫ್ ಪರ್ಷಿಯಾ’ ಡಾಸ್ ಆವೃತ್ತಿಯ ಅನುಸ್ಥಾಪನೆ, ಈವರೆಗಿನ ಕೆಲಸ

ಜೋರ್ಡನ್ ಮೆಕ್ನರ್ ರಚಿಸಿದ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟವನ್ನು ಬ್ರೋಡರ್‌ಬಂಡ್ ಸಂಸ್ಥೆ 1989ರಲ್ಲಿ ಆಪಲ್ 2 ಕಂಪ್ಯೂಟರಿಗಾಗಿ ಹೊರತಂದಿತು. ಅದರ ಡಾಸ್ (ವಿಂಡೋಸಿಗೂ ಮುಂಚಿನ ಪಿಸಿಗಳ ಕಾರ್ಯಾಚರಣಾ ವ್ಯವಸ್ಥೆ) ಆವೃತ್ತಿ ಬಂದದ್ದು 1990ರಲ್ಲಿ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಶಾಲೆಗಳಲ್ಲಿಯೂ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿಯೂ ಬಿಡುವು ಸಿಕ್ಕಾಗಲೆಲ್ಲ ಓಡುತ್ತಿದ್ದುದು ಈ ಡಾಸ್ ಆವೃತ್ತಿಯೇ. ಅಮೆರಿಕದಿಂದ ರಜೆಗೆ ಬಂದಿದ್ದ ನನ್ನ ಸೋದರಮಾವ ಅಂದು ತಂದುಕೊಟ್ಟ ಮೂರೂವರೆ ಇಂಚಿನ ಮೂಲ ಡಿಸ್ಕ್ ಮತ್ತು ಅದರ ಕೈಪಿಡಿ ಇಂದಿಗೂ ನನ್ನ ಬಳಿ ಇವೆ. ಆ ಡಿಸ್ಕಿನಲ್ಲಿರುವ ಆಟವನ್ನು ಈಗಿನ ಲ್ಯಾಪ್‌ಟಾಪಿನಲ್ಲಿ, ಅಂದು ಆಡುತ್ತಿದ್ದ ವೇಗದಲ್ಲಿ, ಅದೇ ಹೆಜ್ಜೆಯ ಹಿಡಿತದೊಂದಿಗೆ ಆಡುವಂತೆ ಮಾಡಬೇಕೆಂಬುದು ಈ ಕೆಲಸದ ಉದ್ದೇಶ.

ಪರದೆಯ ಮೇಲೆ ಆಟ ತೆರೆದುಕೊಂಡರೆ ಸಾಕು ಎನ್ನುವವರಿಗೆ ಇದು ಅರ್ಧ ಗಂಟೆಯ ಕೆಲಸ. ಆದರೆ ಈ ಆಟದಲ್ಲಿ ರಾಜಕುಮಾರಿಯನ್ನು ತಲುಪಲು ಇರುವುದು 60 ನಿಮಿಷ ಮಾತ್ರ, ಮತ್ತು ಪ್ರತಿಯೊಂದು ಜಿಗಿತವೂ ಹೆಜ್ಜೆಯ ಅಳತೆಯ ಮೇಲೆ ನಿಂತಿದೆ. ಮೆಕ್ನರ್ 1985ರಲ್ಲಿ ತಮ್ಮ ಕಿರಿಯ ಸಹೋದರ ಡೇವಿಡ್ ಓಡುವುದನ್ನೂ ಜಿಗಿಯುವುದನ್ನೂ ವಿಡಿಯೊದಲ್ಲಿ ಸೆರೆಹಿಡಿದು, ಆ ಚಿತ್ರಗಳ ಮೇಲೆಯೇ ರಾಜಕುಮಾರನ ಚಲನೆಯನ್ನು ರೂಪಿಸಿದರು. ಆದ್ದರಿಂದ ಓಡುತ್ತಿರುವ ರಾಜಕುಮಾರ ಕೀಲಿಯನ್ನು ಬಿಟ್ಟ ತಕ್ಷಣ ನಿಲ್ಲುವುದಿಲ್ಲ. ನಿಜವಾದ ಮನುಷ್ಯನಂತೆ ಜಾರಿ, ಒಂದೆರಡು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಾನೆ. ಇಂತಹ ಆಟದಲ್ಲಿ ವೇಗ ಸ್ವಲ್ಪ ಏರುಪೇರಾದರೂ, ಕೀಲಿಯೊಂದು ಒಮ್ಮೆ ಕೈಕೊಟ್ಟರೂ ಆಡುವವನ ಅಂದಾಜು ಕೆಡುತ್ತದೆ. ಹೀಗಾಗಿ ನಾನು ಚಿತ್ರದ ಅಂದಕ್ಕಿಂತ ಕಾಲ ಮತ್ತು ಕೀಲಿಗಳಿಗೆ ಹೆಚ್ಚು ಗಮನ ಕೊಟ್ಟಿದ್ದೇನೆ.

ಡಿಸ್ಕಿನಿಂದ ಕಡತಗಳನ್ನು ಹೊರತೆಗೆದದ್ದು

ಯುಎಸ್‌ಬಿ ಫ್ಲಾಪಿ ಡ್ರೈವ್ ಇಂದಿಗೂ ಸಿಗುತ್ತದೆ, ಆದರೆ ಅದು ಮೂರೂವರೆ ಇಂಚಿನ ಡಿಸ್ಕುಗಳಿಗೆ ಮಾತ್ರ. ಕಡತಗಳನ್ನು ನೇರವಾಗಿ ಎಳೆದು ನಕಲು ಮಾಡಲು ಹೊರಟಾಗ ವಿಂಡೋಸ್ ನಡುವೆ ದೋಷ ತೋರಿಸಿ ನಿಂತಿತು. ಹಳೆಯ ಡಿಸ್ಕಿನ ಮೇಲೆ ಹೀಗೆ ಮತ್ತೆ ಮತ್ತೆ ಒತ್ತಡ ಹಾಕುವುದು ಸರಿಯಲ್ಲವೆಂದು ಲಿನಕ್ಸಿನ ‘ಡಿಡಿರೆಸ್ಕ್ಯೂ’ ಉಪಕರಣದಿಂದ ಇಡೀ ಡಿಸ್ಕಿನ ಪ್ರತಿಬಿಂಬವನ್ನು, ಅಂದರೆ ಯಥಾವತ್ ನಕಲನ್ನು, ತೆಗೆಯಲು ನಿರ್ಧರಿಸಿದೆ. ಈ ಉಪಕರಣ ಮೊದಲು ಸುಲಭವಾಗಿ ಓದಲು ಬರುವ ಭಾಗಗಳನ್ನೆಲ್ಲ ಉಳಿಸಿಕೊಂಡು, ಓದಲಾಗದ ಸೆಕ್ಟರುಗಳ (ಡಿಸ್ಕಿನ ಚಿಕ್ಕ ಭಾಗಗಳ) ಪಟ್ಟಿಯನ್ನು ಪ್ರತ್ಯೇಕ ಕಡತದಲ್ಲಿ ಬರೆದಿಟ್ಟು, ಆಮೇಲೆ ಅವುಗಳನ್ನು ಮಾತ್ರ ಮತ್ತೆ ಪ್ರಯತ್ನಿಸುತ್ತದೆ. ಡ್ರೈವಿನ ಓದುವ ತುದಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿದ ಬಳಿಕ ಉಳಿದಿದ್ದ ಸೆಕ್ಟರುಗಳೂ ಬಂದವು. 720 ಕಿಲೋಬೈಟ್ ಡಿಸ್ಕಿನ ಪೂರ್ಣ ಪ್ರತಿಬಿಂಬ 737,280 ಬೈಟ್ ಇರಬೇಕು. ಇದು ಅಷ್ಟೇ ಇದೆ.

ಆಟ ತೆರೆದುಕೊಂಡಿತೆಂಬ ಒಂದೇ ಕಾರಣಕ್ಕೆ ಕಡತಗಳೆಲ್ಲ ಸರಿಯಾಗಿವೆ ಎಂದು ತೀರ್ಮಾನಿಸುವಂತಿಲ್ಲ. ಮೊದಲ ಮೂರು ಹಂತಗಳು ನೆಲಮಾಳಿಗೆಯ ಸೆರೆಮನೆಯಲ್ಲಿ ನಡೆಯುತ್ತವೆ, ನಾಲ್ಕನೆಯ ಹಂತದಿಂದ ಅರಮನೆಯ ಗೋಡೆಗಳು ಕಾಣಿಸುತ್ತವೆ, ಮತ್ತು ಈ ಎರಡರ ಚಿತ್ರಗಳೂ ಬೇರೆ ಬೇರೆ ಕಡತಗಳಲ್ಲಿವೆ. ಅಸ್ಥಿಪಂಜರ ಎದುರಾಗುವುದು ಮೂರನೆಯ ಹಂತದಲ್ಲಿ, ದಪ್ಪ ಹೊಟ್ಟೆಯ ಕಾವಲುಗಾರ ಆರನೆಯದರಲ್ಲಿ, ವಜೀರ ಜಾಫರ್ ಕೊನೆಗೆ. ಇವರಿಗೂ ತಮ್ಮ ತಮ್ಮ ಕಡತಗಳಿವೆ. ಅರಮನೆಯ ಕಡತವೊಂದು ಕೆಟ್ಟಿದ್ದರೆ ಅದು ಗೊತ್ತಾಗುವುದು ಮೂರು ಹಂತಗಳನ್ನು ದಾಟಿದ ಮೇಲೆಯೇ. ಆದ್ದರಿಂದ ಪರೀಕ್ಷೆಗಾಗಿ ಆಟವನ್ನು, ಹಂತಗಳನ್ನು ಹಾರಿಸಲು ಬಿಡುವ ‘ಪ್ರಿನ್ಸ್ ಮೆಗಾಹಿಟ್’ ಎಂಬ ಆಜ್ಞೆಯಿಂದ ಆರಂಭಿಸಿ, ಶಿಫ್ಟ್ ಮತ್ತು ಎಲ್ ಕೀಲಿಗಳನ್ನು ಒಟ್ಟಿಗೆ ಒತ್ತುತ್ತ ಒಂದೊಂದೇ ಹಂತವನ್ನು ದಾಟಿ, ಪ್ರತಿಯೊಂದರಲ್ಲೂ ಗೋಡೆ, ಕಾವಲುಗಾರ, ಶಬ್ದ ಇವನ್ನು ನೋಡಿಕೊಂಡೆ. ಮೆಗಾಹಿಟ್ ಎಂಬ ಪದ 1.0 ಆವೃತ್ತಿಗೆ ಸೇರಿದ್ದು, 1.3 ಮತ್ತು 1.4 ಇರುವವರು ಅದರ ಬದಲು ‘ಇಂಪ್ರೂವ್ಡ್’ ಎಂದು ಬರೆಯಬೇಕು. ಯಾವ ಆವೃತ್ತಿಯೆಂಬುದನ್ನು ಆಟದೊಳಗೆ ಕಂಟ್ರೋಲ್ ಮತ್ತು ವಿ ಒತ್ತಿ ತಿಳಿಯಬಹುದು. ಮುಂದಿನ ಹಂತಗಳಲ್ಲಿ ಒಂದು ಮದ್ದನ್ನು ಕುಡಿದಾಗ ಪರದೆ ಇಡಿಯಾಗಿ ತಲೆಕೆಳಗಾಗುತ್ತದೆ; ಅದು ಕಡತದ ದೋಷವೂ ಅಲ್ಲ, ಪರದೆಯ ದೋಷವೂ ಅಲ್ಲ, ಮೆಕ್ನರ್ ಉದ್ದೇಶಪೂರ್ವಕವಾಗಿ ಇಟ್ಟ ತೊಡಕು.

ಡಾಸ್‌ಬಾಕ್ಸ್ ಸಿದ್ಧಪಡಿಸಿದ್ದು

ಈಗಿನ 64 ಬಿಟ್ ವಿಂಡೋಸ್ ಡಾಸ್ ಕಾರ್ಯಕ್ರಮಗಳನ್ನು ನೇರವಾಗಿ ಓಡಿಸುವುದಿಲ್ಲವಾದ್ದರಿಂದ ಹಳೆಯ ಡಾಸ್ ಗಣಕವನ್ನು ಅನುಕರಿಸುವ ಡಾಸ್‌ಬಾಕ್ಸ್ 0.74-3 ಅನ್ನು ಹಾಕಿಕೊಂಡೆ. ಆಟದ ಕಡತಗಳನ್ನು ‘ಪ್ರೋಗ್ರಾಮ್ ಫೈಲ್ಸ್’ ಒಳಗೆ ಇಡದೆ ನನ್ನ ಸ್ವಂತ ಫೋಲ್ಡರಿನಲ್ಲಿ ಇಟ್ಟು, ಅದನ್ನೇ ಮೌಂಟ್ ಆಜ್ಞೆಯಿಂದ ಸಿ ಡ್ರೈವ್ ಆಗಿ ಜೋಡಿಸಿದ್ದೇನೆ. ಇದಕ್ಕೆ ಕಾರಣವಿದೆ: ಮೂರನೆಯ ಹಂತದಿಂದ ಮುಂದೆ ಕಂಟ್ರೋಲ್ ಮತ್ತು ಜಿ ಒತ್ತಿದರೆ ಆಟ ತನ್ನ ಫೋಲ್ಡರಿನಲ್ಲಿಯೇ ಒಂದು ಕಡತವನ್ನು ಬರೆದು ಹಂತವನ್ನು ಉಳಿಸುತ್ತದೆ, ಬರೆಯಲು ಅನುಮತಿಯಿಲ್ಲದ ಜಾಗದಲ್ಲಿ ಅದು ಸಾಧ್ಯವಾಗುವುದಿಲ್ಲ. ಉಳಿಸಿದ್ದನ್ನು ಮರಳಿ ತರಲು ಕಂಟ್ರೋಲ್ ಮತ್ತು ಎಲ್. ಮೌಂಟ್ ಮಾಡುವ ಸಾಲುಗಳನ್ನು ಡಾಸ್‌ಬಾಕ್ಸ್ ಸಂರಚನಾ ಕಡತದ ಕೊನೆಯಲ್ಲಿರುವ ‘ಆಟೊಎಕ್ಸೆಕ್’ ಭಾಗಕ್ಕೆ ಸೇರಿಸಿದ್ದರಿಂದ ಪ್ರತಿ ಬಾರಿ ಬರೆಯುವ ಶ್ರಮ ತಪ್ಪಿದೆ.

ಅರವತ್ತು ನಿಮಿಷದ ಲೆಕ್ಕ

ಹೆಚ್ಚು ಹೊತ್ತು ಹಿಡಿದದ್ದು ಈ ಭಾಗ. ನನಗೆ ಹೆಚ್ಚು ಸಂತೋಷ ಕೊಟ್ಟದ್ದೂ ಇದೇ. ಹಳೆಯ ಡಾಸ್ ಆಟಗಳಲ್ಲಿ ಅನೇಕವು ಪ್ರೊಸೆಸರ್ ಎಷ್ಟು ವೇಗವೋ ಅಷ್ಟು ವೇಗವಾಗಿ ಓಡುತ್ತವೆ, ಆದ್ದರಿಂದ ಹೊಸ ಯಂತ್ರದಲ್ಲಿ ಆಡಲಾಗದಷ್ಟು ಧಾವಂತಕ್ಕೆ ಬೀಳುತ್ತವೆ. ಈ ಆಟ ಹಾಗಲ್ಲ. ಇದು ಗಣಕದ ಟೈಮರನ್ನು ಅನುಸರಿಸಿ ಸೆಕೆಂಡಿಗೆ 12 ಚಿತ್ರಗಳಂತೆ ನಡೆಯುತ್ತದೆ, ಕತ್ತಿ ಹಿರಿದು ಹೋರಾಡುವಾಗ ಮಾತ್ರ 10 ಚಿತ್ರಗಳಿಗೆ ಇಳಿಯುತ್ತದೆ. ಆಟದ ಗಡಿಯಾರವಾದರೋ ಸೆಕೆಂಡುಗಳನ್ನು ಎಣಿಸುವುದಿಲ್ಲ, ಚಿತ್ರಗಳನ್ನು ಎಣಿಸುತ್ತದೆ: 720 ಚಿತ್ರಗಳು ಕಳೆದರೆ ಒಂದು ನಿಮಿಷ ಕಳೆದಂತೆ. ಹಾಗಾಗಿ ಓಡಾಟದಲ್ಲಿ ಆಟದ ನಿಮಿಷ ನಮ್ಮ ನಿಮಿಷಕ್ಕೆ ಸರಿಸಮನಾಗಿರುತ್ತದೆ, ಕಾಳಗದಲ್ಲಿ ಅದೇ ನಿಮಿಷ 72 ಸೆಕೆಂಡುಗಳಿಗೆ ಹಿಗ್ಗುತ್ತದೆ.

ಈ ವಿಷಯ ತಿಳಿದಿದ್ದರೆ ಡಾಸ್‌ಬಾಕ್ಸಿನ ವೇಗವನ್ನು ಕಣ್ಣಂದಾಜಿಗೆ ಬಿಡದೆ ಅಳೆದು ನೋಡಬಹುದು. ಡಾಸ್‌ಬಾಕ್ಸ್‌ನಲ್ಲಿ ಅನುಕರಿಸಿದ ಪ್ರೊಸೆಸರಿನ ವೇಗವನ್ನು ನಿಗದಿಪಡಿಸುವ ‘ಸೈಕಲ್ಸ್’ ಸೆಟ್ಟಿಂಗ್ ಆಟೊ ಎಂದಿದ್ದಾಗ ಇಂತಹ ಹಳೆಯ ಕಾರ್ಯಕ್ರಮಗಳಿಗೆ ಅದು 3000 ಸೈಕಲ್ಸ್ ಕೊಡುತ್ತದೆ. ಮೊದಲ ಹಂತದಲ್ಲಿ ಓಡುತ್ತ, ಜಿಗಿಯುತ್ತ, ಕಾವಲುಗಾರನ ಬಳಿ ಹೋಗದೆ, ಸ್ಪೇಸ್ ಕೀಲಿ ಒತ್ತಿ ಉಳಿದ ನಿಮಿಷಗಳನ್ನು ನೋಡುತ್ತ ಕೈಗಡಿಯಾರದೊಂದಿಗೆ ಹೋಲಿಸಿದೆ. ನನ್ನ ಯಂತ್ರದಲ್ಲಿ 3000ಕ್ಕೆ ಆಟದ ಐದು ನಿಮಿಷ ಕೈಗಡಿಯಾರದ ಐದು ನಿಮಿಷಕ್ಕಿಂತ ಸ್ಪಷ್ಟವಾಗಿ ಹಿಂದೆ ಬೀಳುತ್ತಿತ್ತು. ಎಂದರೆ ಯಂತ್ರಕ್ಕೆ ಸೆಕೆಂಡಿಗೆ 12 ಚಿತ್ರಗಳನ್ನು ಬಿಡಿಸಲು ಪುರಸೊತ್ತು ಸಾಲುತ್ತಿರಲಿಲ್ಲ; ಗಡಿಯಾರವೂ ಆಟವೂ ಒಟ್ಟಿಗೆ ನಿಧಾನವಾಗುವುದರಿಂದ ಆಡುವವನಿಗೆ ಅನ್ಯಾಯವೇನೂ ಆಗುವುದಿಲ್ಲ, ಆದರೆ ಕೈಗೆ ಗೊತ್ತಿದ್ದ ಲಯ ತಪ್ಪುತ್ತದೆ. ಕಂಟ್ರೋಲ್ ಮತ್ತು ಎಫ್12 ಒತ್ತಿ ಸೈಕಲ್ಸ್ ಏರಿಸುತ್ತ ಹೋದಾಗ 8000ದ ಹೊತ್ತಿಗೆ ಎರಡು ಗಡಿಯಾರಗಳೂ ಹೊಂದಿಕೊಂಡವು, ಅದಕ್ಕಿಂತ ಮೇಲೆ ಏರಿಸಿದರೂ ಆಟ ಇನ್ನಷ್ಟು ವೇಗವಾಗಲಿಲ್ಲ. ಸೆಟ್ಟಿಂಗನ್ನು ‘ಮ್ಯಾಕ್ಸ್’ ಎಂದಿಡುವಂತೆ ಅನೇಕರು ಸಲಹೆ ಕೊಡುತ್ತಾರೆ. ಈ ಆಟಕ್ಕೆ ಅದರಿಂದ ಲಾಭವಿಲ್ಲ; ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಶಬ್ದ ತುಂಡಾಗುತ್ತದೆ. ನಾನು 10000ಕ್ಕೆ ಸ್ಥಿರಗೊಳಿಸಿ ಮುಂದುವರಿದಿದ್ದೇನೆ.

ಕೀಲಿಗಳು

ಮೊದಲ ಕಾಳಗದಲ್ಲಿಯೇ ವಿಂಡೋಸಿನ ಒಂದು ಫಲಕ ಆಟದ ಮೇಲೆ ಬಂದು ನಿಂತಿತು. ರಾಜಕುಮಾರ ಕತ್ತಿ ಬೀಸುವುದು ಶಿಫ್ಟ್ ಕೀಲಿಯಿಂದ, ವಿಂಡೋಸಿನಲ್ಲಾದರೋ ಶಿಫ್ಟನ್ನು ಬೆನ್ನುಬೆನ್ನಿಗೆ ಐದು ಬಾರಿ ಒತ್ತಿದರೆ ‘ಸ್ಟಿಕಿ ಕೀಸ್’ ಎಂಬ ಸೌಲಭ್ಯ ಎಚ್ಚರಗೊಳ್ಳುತ್ತದೆ. ಇದು ಹಲವರಿಗೆ ಗೊತ್ತಿರುವ ತೊಂದರೆ. ಇದರ ಜೊತೆಗೆ ಇನ್ನೊಂದಿದೆ, ಅದನ್ನು ಹುಡುಕಲು ಹೆಚ್ಚು ಸಮಯ ಹಿಡಿಯಿತು. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡ್ ಹಿಡಿದೇ ಇದ್ದರೆ ‘ಫಿಲ್ಟರ್ ಕೀಸ್’ ಎಂಬ ಬೇರೊಂದು ಸೌಲಭ್ಯ ಮುಂದೆ ಬರುತ್ತದೆ, ಅದಕ್ಕೆ ಒಪ್ಪಿಗೆ ಸಿಕ್ಕಿತೆಂದರೆ ಕ್ಷಣಮಾತ್ರ ಒತ್ತಿದ ಕೀಲಿಗಳನ್ನು ವಿಂಡೋಸ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೆಲದಿಂದ ಚಿಮ್ಮುವ ಈಟಿಗಳ ನಡುವೆ ಶಿಫ್ಟ್ ಹಿಡಿದು ಒಂದೊಂದೇ ಎಚ್ಚರಿಕೆಯ ಹೆಜ್ಜೆ ಇಡುವವರಿಗೆ ಎಂಟು ಸೆಕೆಂಡ್ ಬಹಳ ಬೇಗ ತುಂಬುತ್ತದೆ. ವಿಂಡೋಸ್ ಸೆಟ್ಟಿಂಗ್ಸಿನ ಕೀಲಿಮಣೆ ಭಾಗದಲ್ಲಿ ಈ ಎರಡೂ ಸೌಲಭ್ಯಗಳನ್ನು ಕರೆಯುವ ಅಡ್ಡದಾರಿಗಳನ್ನು ನಿಲ್ಲಿಸಿದ ಮೇಲೆ ತೊಂದರೆ ಪೂರ್ತಿಯಾಗಿ ಹೋಯಿತು.

ಇನ್ನೊಂದು ಸಮಸ್ಯೆ ಲ್ಯಾಪ್‌ಟಾಪಿನ ಕೀಲಿಮಣೆಯದೇ. ಆಟದ ಅಂದಿನ ವಿನ್ಯಾಸ ಅಂಕಿಗಳ ಪಟ್ಟಿಯನ್ನು ನಂಬಿದೆ: 7 ಮತ್ತು 9 ಕೀಲಿಗಳು ಓರೆ ಜಿಗಿತಕ್ಕೆ, 4 ಮತ್ತು 6 ಓಟಕ್ಕೆ. ಅಂಕಿಗಳ ಪಟ್ಟಿಯಿಲ್ಲದ ಲ್ಯಾಪ್‌ಟಾಪಿನಲ್ಲಿ ಮೇಲಿನ ಬಾಣ ಮತ್ತು ಪಕ್ಕದ ಬಾಣವನ್ನು ಒಟ್ಟಿಗೆ ಒತ್ತಬೇಕು, ದೂರದ ಅಂಚನ್ನು ಹಿಡಿಯಲು ಅದರ ಮೇಲೆ ಶಿಫ್ಟನ್ನೂ ಒತ್ತಬೇಕು. ಅಗ್ಗದ ಕೀಲಿಮಣೆಗಳಲ್ಲಿ ಹೀಗೆ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಒಂದು ದಾಖಲಾಗದೆ ಹೋಗುವುದುಂಟು. ನನ್ನದರಲ್ಲಿ ಎಡಕ್ಕೆ ಜಿಗಿಯುವಾಗ ಮಾತ್ರ ಶಿಫ್ಟ್ ಕಾಣೆಯಾಗುತ್ತಿತ್ತು. ಬಲಕ್ಕೆ ಸರಿಯಾಗಿಯೇ ಇತ್ತು. ಒಂದೇ ಬದಿಗೆ ಹೀಗಾಗುವುದರಿಂದ ಆಟದ ದೋಷವಲ್ಲ, ಕೀಲಿಮಣೆಯದು ಎಂಬುದು ಸ್ಪಷ್ಟವಾಯಿತು. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಮತ್ತು ಎಫ್1 ಒತ್ತಿದರೆ ಕೀಲಿಗಳ ನಕ್ಷೆ ತೆರೆಯುತ್ತದೆ. ಅಲ್ಲಿ ಅಂಕಿಪಟ್ಟಿಯ 7 ಮತ್ತು 9ನ್ನು ಕ್ಯೂ ಮತ್ತು ಇ ಅಕ್ಷರಗಳಿಗೆ ಜೋಡಿಸಿದೆ. ಓರೆ ಜಿಗಿತಕ್ಕೆ ಈಗ ಒಂದೇ ಕೀಲಿ ಸಾಕು, ಶಿಫ್ಟಿಗೆ ಬೇರೆ ಕೈ ಬಿಡುವಾಗಿರುತ್ತದೆ. ಬೇರೆಯದಾದ ಪೂರ್ಣ ಗಾತ್ರದ ಕೀಲಿಮಣೆಯನ್ನು ಜೋಡಿಸುವುದು ಇದಕ್ಕಿಂತ ಒಳ್ಳೆಯದು, ಇರುವವರು ಹಾಗೆಯೇ ಮಾಡಲಿ.

ಚಿತ್ರ ಮತ್ತು ಶಬ್ದ

ಆಟದ ವಿಜಿಎ (ಅಂದಿನ ಪಿಸಿಗಳ ಬಣ್ಣದ ಪರದೆಯ ಮಾನದಂಡ) ಚಿತ್ರ 320×200 ಬಿಂದುಗಳದು, ಆದರೆ ಅಂದಿನ ಮಾನಿಟರ್ ಅದನ್ನು 4:3 ಆಕಾರಕ್ಕೆ ಎತ್ತರಿಸಿ ತೋರಿಸುತ್ತಿತ್ತು. ಈಗಿನ ಪರದೆಯಲ್ಲಿ ಬಿಂದುಗಳನ್ನು ಚೌಕವಾಗಿಯೇ ತೋರಿಸಿದರೆ ರಾಜಕುಮಾರ ಕುಳ್ಳಗೆ, ಅಗಲವಾಗಿ ಕಾಣುತ್ತಾನೆ. ಸಂರಚನಾ ಕಡತದಲ್ಲಿ ‘ಆಸ್ಪೆಕ್ಟ್’ ಸಾಲನ್ನು ಟ್ರೂ ಎಂದು ಬದಲಿಸಿ, ನನ್ನ 1366×768 ಪರದೆಯಲ್ಲಿ 1024×768 ಭಾಗವನ್ನು ಮಾತ್ರ ಬಳಸುವಂತೆ ಮಾಡಿದ್ದೇನೆ. ಎರಡು ಬದಿಯಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ, ಉಳಿಯಬೇಕು.

ಶಬ್ದಕ್ಕೆ ಡಾಸ್‌ಬಾಕ್ಸಿನ ಸೌಂಡ್ ಬ್ಲಾಸ್ಟರ್ (ಅಂದಿನ ಧ್ವನಿ ಕಾರ್ಡ್) ಮೂಲ ಸೆಟ್ಟಿಂಗುಗಳೇ, ಅಂದರೆ ವಿಳಾಸ 220, ಐಆರ್‌ಕ್ಯೂ 7, ಡಿಎಂಎ 1, ಸಾಕಾದವು. ಆರಂಭದಲ್ಲಿ ಸಂಗೀತ ಚಿಟಿಚಿಟಿ ಎನ್ನುತ್ತಿತ್ತು. ಮಿಕ್ಸರ್ ಭಾಗದ ‘ಪ್ರಿಬಫರ್’ (ಶಬ್ದವನ್ನು ಮುಂಚಿತವಾಗಿ ಕೂಡಿಡುವ ಪ್ರಮಾಣ) ಸಂಖ್ಯೆಯನ್ನು ಸ್ವಲ್ಪ ಏರಿಸಿದಾಗ ನಿಂತಿತು, ಆದರೆ ಅತಿಯಾಗಿ ಏರಿಸಿದರೆ ಶಬ್ದ ಚಿತ್ರಕ್ಕಿಂತ ತಡವಾಗಿ ಬರುತ್ತದೆ. ಇಲ್ಲಿ ಶಬ್ದ ಅಲಂಕಾರಕ್ಕಷ್ಟೇ ಇಲ್ಲ: ಬಾಗಿಲು ಇಳಿಯುವ ಕಟಕಟ ಶಬ್ದ ಕೇಳಿಯೇ ಓಡಬೇಕೋ ಬಿಡಬೇಕೋ ಎಂದು ನಿರ್ಧರಿಸುವ ಜಾಗಗಳಿವೆ. ಹಾಗಾಗಿ ಚಿಟಿಚಿಟಿ ನಿಲ್ಲುವಷ್ಟು ಮಾತ್ರ ಏರಿಸಿ ಬಿಟ್ಟಿದ್ದೇನೆ. ಸಂಗೀತ ರಚಿಸಿದವರು ಮೆಕ್ನರ್ ಅವರ ತಂದೆ ಫ್ರಾನ್ಸಿಸ್ ಮೆಕ್ನರ್. ಅದನ್ನು ಹರಿದುಹೋದ ಶಬ್ದದಲ್ಲಿ ಕೇಳಲು ನನಗೆ ಮನಸ್ಸಾಗುವುದಿಲ್ಲ.

ಮದ್ದಿನ ಕೋಣೆ

ಮೊದಲ ಹಂತ ಮುಗಿದೊಡನೆ ಒಂದು ಕೋಣೆ ಎದುರಾಗುತ್ತದೆ. ಕೈಪಿಡಿಯ ಇಂತಿಷ್ಟನೆಯ ಪುಟದ, ಇಂತಿಷ್ಟನೆಯ ಸಾಲಿನ, ಇಂತಿಷ್ಟನೆಯ ಪದದ ಮೊದಲ ಅಕ್ಷರವಿರುವ ಮದ್ದನ್ನು ಕುಡಿಯಬೇಕೆಂದು ಪರದೆ ಹೇಳುತ್ತದೆ, ನೆಲದ ಮೇಲೆ ಅಕ್ಷರಗಳಿರುವ ಮದ್ದುಗಳು ಸಾಲಾಗಿ ಇರುತ್ತವೆ. ಇದು ಅಂದಿನ ನಕಲು ತಡೆ. ತಪ್ಪು ಮದ್ದು ಕುಡಿದರೆ ಜೀವ ಕುಗ್ಗುತ್ತದೆ. ಕೈಪಿಡಿ ಕೈಯಲ್ಲಿದ್ದುದರಿಂದ ನನಗೆ ತೊಂದರೆಯಾಗಲಿಲ್ಲ. ಅದರ ಪುಟಗಳು ಹಳದಿಯಾಗಿ ಅಂಚಿನಲ್ಲಿ ಮುರಿಯುತ್ತಿರುವುದರಿಂದ ಎಲ್ಲವನ್ನೂ ಸ್ಕ್ಯಾನ್ ಮಾಡಿ ಡಿಸ್ಕಿನ ಪ್ರತಿಬಿಂಬದ ಜೊತೆಗೇ ಇಟ್ಟಿದ್ದೇನೆ.

ಎಸ್‌ಡಿಎಲ್‌ಪಾಪ್ ಜೊತೆ ಹೋಲಿಕೆ

ಮೆಕ್ನರ್ 2012ರ ಏಪ್ರಿಲ್‌ನಲ್ಲಿ ಆಟದ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿಟ್ಟರು, ಆದರೆ ಅದು ಆಪಲ್ 2ರ 6502 ಪ್ರೊಸೆಸರಿಗಾಗಿ ಅಸೆಂಬ್ಲಿ ಭಾಷೆಯಲ್ಲಿ ಬರೆದದ್ದು. ಡಾಸ್ ಆವೃತ್ತಿಯ ಸಮಸ್ಯೆಗಳಿಗೆ ನೇರವಾಗಿ ನೆರವಾಗದು. ನೆರವಾಗುವುದು ‘ಎಸ್‌ಡಿಎಲ್‌ಪಾಪ್’. ಡಾಸ್ ಆವೃತ್ತಿಯನ್ನೇ ಬಿಡಿಸಿ ನೋಡಿ ಉತ್ಸಾಹಿಗಳು ಮತ್ತೆ ಬರೆದ ಈ ಕಾರ್ಯಕ್ರಮ ಡಾಸ್‌ಬಾಕ್ಸ್ ಇಲ್ಲದೆ ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಓಡುತ್ತದೆ. ಮೇಲೆ ಹೇಳಿದ 720 ಚಿತ್ರಗಳ ಲೆಕ್ಕ ನನಗೆ ದೊರೆತದ್ದು ಅದರ ಸಂಕೇತದಲ್ಲಿಯೇ. ಎಫ್6 ಒತ್ತಿ ಎಲ್ಲಿ ಬೇಕಾದರೂ ಉಳಿಸಬಹುದು, ಎಫ್9 ಒತ್ತಿ ಅಲ್ಲಿಗೇ ಮರಳಬಹುದು. ಹೊಸದಾಗಿ ಆಡಲು ಬಯಸುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ನನ್ನ ಕೆಲಸ ಡಿಸ್ಕಿನಲ್ಲಿದ್ದ ಆಟವನ್ನು ಅದರ ಎಲ್ಲ ಮಿತಿಗಳೊಂದಿಗೆ ಉಳಿಸುವುದಾದ್ದರಿಂದ ಡಾಸ್‌ಬಾಕ್ಸ್‌ನಲ್ಲಿಯೇ ಮುಂದುವರಿಯುತ್ತೇನೆ.

ಈಗ ಬಾಕಿ ಇರುವುದು ಜಾಯ್‌ಸ್ಟಿಕ್. ಕಂಟ್ರೋಲ್ ಮತ್ತು ಜೆ ಒತ್ತಿದರೆ ಆಟ ಜಾಯ್‌ಸ್ಟಿಕ್ಕಿಗೆ ಬದಲಾಗುತ್ತದೆ, ಕಂಟ್ರೋಲ್ ಮತ್ತು ಕೆ ಒತ್ತಿದರೆ ಕೀಲಿಮಣೆಗೆ ಮರಳುತ್ತದೆ. ಯುಎಸ್‌ಬಿ ಗೇಮ್‌ಪ್ಯಾಡ್ ಜೋಡಿಸಿದಾಗ ರಾಜಕುಮಾರ ತಾನಾಗಿಯೇ ಎಡಕ್ಕೆ ಸರಿಯುತ್ತಿದ್ದಾನೆ. ಡಾಸ್‌ಬಾಕ್ಸಿನ ಜಾಯ್‌ಸ್ಟಿಕ್ ಭಾಗದಲ್ಲಿ ‘ಟೈಮ್ಡ್’ ಸಾಲನ್ನು ಫಾಲ್ಸ್ ಎಂದು ಬದಲಿಸಿ, ಸ್ಥಿರಗೊಳಿಸಿದ ಸೈಕಲ್ಸ್‌ನಲ್ಲಿ ಮತ್ತೆ ಪರೀಕ್ಷಿಸುವುದು ಮುಂದಿನ ಕೆಲಸ.